ಎಡೆಯ ಕೋಣೆಯಲ್ಲಿ ಇಟ್ಟ ಫೋನು

ಮೊಮ್ಮಗಳು ಮಾಡಿದ ದೆವ್ವ ನೋಡಿ ನಾನು ನಕ್ಕುಬಿಟ್ಟೆ. ಬಿಳಿ ಸೀರೆ, ಬಿಚ್ಚಿದ ಕೂದಲು, ಬಾಯಿಂದ ಇಳಿದ ರಕ್ತ, ಹಿಂದೆ ಒಣಗಿದ ಮರ, ಮರದ ಮೇಲೆ ಗೂಬೆ. ಸೀರೆಯಂತೂ ಈಗ ತಾನೇ ಇಸ್ತ್ರಿ ಮಾಡಿಸಿ ತಂದ ಹಾಗಿತ್ತು.

“ಇದ್ಯಾವ ದೆವ್ವನೇ? ಮದ್ವೆ ಮನೆಗೆ ಒಂಟಂಗದೆ.”

“ನಗ್ಬ್ಯಾಡ ಕಣಜ್ಜಿ. ನಮ್ ಮಿಸ್ಸೂ ನಕ್ಕುದ್ರು. ಎಲ್ರ ಮುಂದೆ.”

ಅವಳು ಮಂಡ್ಯದಲ್ಲಿ ಓದುತ್ತಾಳೆ. ಮದ್ದೂರಿನವರೆಗೆ ಬಸ್ಸು, ಅಲ್ಲಿಂದ ರೈಲು. ಪುಸ್ತಕದ ಹೊದಿಕೆ, ಸಿನಿಮಾ ಪೋಸ್ಟರು, ಸೋಪಿನ ಡಬ್ಬದ ಚಿತ್ರ ಇವನ್ನೆಲ್ಲ ಹೇಗೆ ಮಾಡಬೇಕು ಅಂತ ಹೇಳಿಕೊಡುವ ಓದು. ಇದನ್ನೂ ಕಾಲೇಜಿನಲ್ಲಿ ಕಲಿಯಬೇಕಾ ಅಂತ ನನಗೆ ಮೊದಲು ಅನ್ನಿಸಿತ್ತು. ನಾಲ್ಕನೇ ಕ್ಲಾಸಿಗೆ ಸ್ಲೇಟು ಒಡೆದು ಮನೆಗೆ ಬಂದವಳು ನಾನು, ನನ್ನ ಅನ್ನಿಸಿಕೆಗೆ ಏನು ಬೆಲೆ. ಈ ಸಲ ಅವರಿಗೆ ಕೊಟ್ಟ ಕೆಲಸ, ದೆವ್ವದ ಸಿನಿಮಾಗಳ ಬಗ್ಗೆಯೇ ಬರೆಯುವ ಒಂದು ಮಾಸಪತ್ರಿಕೆಗೆ ಮುಖಪುಟ ಮಾಡುವುದು. ಅಂಥ ಪತ್ರಿಕೆ ಎಲ್ಲೂ ಇಲ್ಲ. ಇದೆ ಅಂದುಕೊಂಡು ಮಾಡಬೇಕು. ಇವಳು ಅದಕ್ಕೆ ‘ದಿಗಿಲು’ ಅಂತ ಹೆಸರಿಟ್ಟಿದ್ದಳು.

ಹೆಸರು ಚೆನ್ನಾಗಿದೆ ಅಂದರಂತೆ ಮೇಡಮ್ಮು. ಆದರೆ ಇಂಥ ದೆವ್ವ ಕಂಪ್ಯೂಟರಿನಲ್ಲಿ ಗಾಡಿಗಟ್ಟಲೆ ಸಿಗುತ್ತವೆ, ನಿನ್ನ ಊರಿನದು ತಾ, ನೀನೇ ತೆಗೆದ ಫೋಟೋ ಆಗಿರಬೇಕು, ಇನ್ನೊಂದೇ ಒಂದು ಅವಕಾಶ ಅಂತ ಹೇಳಿ ಕಳಿಸಿದರಂತೆ. ಅದೂ ಹೋದರೆ ಆ ವಿಷಯದಲ್ಲಿ ನಪಾಸು.

ಅವತ್ತಿನಿಂದ ಹುಡುಗಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಹಾಳುಬಿದ್ದ ಆಲೆಮನೆ ತೆಗೆದಳು, ಬಾವಿಯೊಳಗೆ ಬಗ್ಗಿ ತೆಗೆದಳು. ಬಾವಿಕಟ್ಟೆ ಮೇಲೆ ಹೊಟ್ಟೆ ಹಾಕಿ ಮಲಗಿದ್ದವಳನ್ನು ನೋಡಿ ಅವರಪ್ಪ ಕೈ ಎತ್ತಿದ್ದ, ನಾನು ಮಧ್ಯೆ ಹೋದೆ. ವೈದ್ಯನಾಥಪುರದ ತನಕ ಹೋಗಿ ಹೊಳೆದಂಡೆಯ ಮರಗಳ ಫೋಟೋ ತಂದಳು. ಚೆಂದಾಗಿದ್ದವು. ಕ್ಯಾಲೆಂಡರಿಗೆ ಹಾಕಬಹುದಿತ್ತು.

“ಚೆಂದಾಗಿದ್ರೆ ಏನ್ ಮಾಡ್ಲಿ ಅಜ್ಜಿ? ಎದ್ರಿಕೆ ಆಗ್ಬೇಕು,” ಅಂತ ಫೋನನ್ನು ಹಾಸಿಗೆ ಮೇಲೆ ಬಿಸಾಕಿದಳು. ಆಮೇಲೆ ನನ್ನ ಹತ್ತಿರ ಬಂದು ಕೂತಳು. ನಾನು ಬೆಳ್ಳುಳ್ಳಿ ಬಿಡಿಸುತ್ತಿದ್ದೆ. “ನಿಂಗೆ ಯಾವತ್ತು ಎದ್ರಿಕೆ ಆಗಿತ್ತಜ್ಜಿ? ನಿಜ ಏಳು.”

“ನಂಗೆಲ್ಲಿತ್ತು ಪುರ್ಸೊತ್ತು ಎದ್ರಕೊಳಾಕೆ?”

“ಒಂದ್ ಸತೀನೂ ಇಲ್ವಾ?”

ಯೋಚನೆ ಮಾಡಿದೆ. ಒಂದು ಸಲ ಆಗಿತ್ತು. ಮದುವೆಯಾಗಿ ಬಂದ ವರ್ಷ, ಪಕ್ಷದ ಹಬ್ಬದ ದಿನ.

ನಮ್ಮ ಕಡೆ ಪಿತೃಪಕ್ಷದಲ್ಲಿ ಸತ್ತವರಿಗೆ ಎಡೆ ಇಡುತ್ತಾರೆ. ಒಳಕೋಣೆಯಲ್ಲಿ ಕಳಶ, ಅದರ ಪಕ್ಕ ಹೊಸ ಸೀರೆ, ಪಂಚೆ, ಅಂಗಿ. ಮುಂದೆ ಬಾಳೆಲೆ. ಬದುಕಿದ್ದಾಗ ಅವರು ಏನು ತಿನ್ನುತ್ತಿದ್ದರೋ ಅದೆಲ್ಲ ಎಲೆಗೆ ಬರಬೇಕು. ಮುದ್ದೆ, ಕೋಳಿಸಾರು, ವಡೆ, ಎಳ್ಳಿನ ಚಿಗಳಿ. ನಮ್ಮ ಯಜಮಾನರಿಗೆ ಒಂದು ಕಟ್ಟು ಬೀಡಿ. ನಮ್ಮ ಮಾವನಿಗೆ ಕಾಲು ಬಾಟಲಿ ಬ್ರಾಂದಿ, ಅದನ್ನು ಆಮೇಲೆ ಯಾರು ಕುಡಿಯುತ್ತಾರೆ ಅಂತ ಯಾರೂ ಕೇಳಬಾರದು. ಧೂಪ ಹಾಕಿ, ಕೈ ಮುಗಿದು, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಹಿರಿಯರು ಬಂದು ಉಂಡು ಹೋಗುವ ತನಕ ಯಾರೂ ಒಳಗೆ ಹೋಗುವ ಹಾಗಿಲ್ಲ. ಎಲೆ ಅಡಿಕೆ ಹಾಕಿಕೊಂಡು ಜಗಿದು ಉಗಿಯುವಷ್ಟು ಹೊತ್ತು. ಆಮೇಲೆ ಬಾಗಿಲು ತಟ್ಟಿ, ಬರ್ತಾ ಇದ್ದೀವಿ ಅಂತ ಹೇಳಿ, ತೆಗೆಯಬೇಕು.

“ಆ ಬಾಗ್ಲು ಮುಂದೆ ನಿಂತಾಗ ಎದ್ರಿಕೆ ಆಗಿತ್ತು,” ಎಂದೆ. “ಒಳಗ್ ಯಾರೂ ಇಲ್ಲ ಅಂತ ಗೊತ್ತು. ನಾನೇ ದೀಪ ಹಚ್ಚಿ ಬಂದಿವ್ನಿ. ಆದ್ರೂ ಬಾಗ್ಲು ಮುಚ್ಚುದ್ ಮ್ಯಾಕೆ ಅದು ನಮ್ ಮನೆ ಅನ್ನುಸ್ಲಿಲ್ಲ.”

ಬೆಳ್ಳುಳ್ಳಿ ಸಿಪ್ಪೆ ಆರಿಸುತ್ತಿದ್ದ ಅವಳ ಕೈ ನಿಂತಿತು. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು.

ಮಾರನೇ ದಿನ ಬಂದು ಕೇಳಿದಳು. ಈ ವರ್ಷ ಎಡೆ ಇಟ್ಟು ಬಾಗಿಲು ಮುಚ್ಚುವ ಮೊದಲು ಫೋನನ್ನು ಒಳಗೆ ಇಡಲೇ ಅಂತ. ಹತ್ತು ಸೆಕೆಂಡಿಗೊಂದು ಫೋಟೋ ತಾನೇ ತೆಗೆದುಕೊಳ್ಳುವ ಹಾಗೆ ಮಾಡಬಹುದಂತೆ.

“ಆಗಕ್ಕಿಲ್ಲ.”

“ಯಾಕಜ್ಜಿ? ನೀನೇ ಏಳ್ತಿಯಾ, ಒಳಗ್ ಯಾರೂ ಇಲ್ಲ ಅಂತ.”

“ನಂಗಲ್ಲ ಕಣೇ. ನಿಮ್ ಚಿಕ್ಕಜ್ಜಿಗೆ.”

ಚಿಕ್ಕಜ್ಜಿ ಅಂದರೆ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಮಳವಳ್ಳಿ ಕಡೆಯಿಂದ ಬಂದವಳು. ನಮ್ಮ ಮನೆಗೂ ಅವಳ ಮನೆಗೂ ಒಂದೇ ಗೋಡೆ. ಎರಡು ವರ್ಷದ ಹಿಂದೆ ಅವಳ ಒಬ್ಬನೇ ಮಗ ನಿಡಘಟ್ಟದ ಹತ್ತಿರ ಹೈವೇಯಲ್ಲಿ ಬೈಕಿನಿಂದ ಬಿದ್ದು ಸತ್ತ. ಆಮೇಲೆ ಅವಳು ಅಡುಗೆ ಮಾಡುವಳು, ಹಾಲು ಕರೆಯುವಳು, ಆದರೆ ಎಲೆ ಮುಂದೆ ಕೂತರೆ ಎರಡು ತುತ್ತು ತಿಂದು ಎದ್ದುಬಿಡುವಳು. ಮೈಯೆಲ್ಲ ಇಳಿದುಹೋಯಿತು. ಹಿಂದಿನ ವರ್ಷ ಮೊದಲ ಸಲ ಅವನಿಗೂ ಎಡೆ ಇಟ್ಟೆವು. ಕಬಾಬು, ಒಂದು ಬಾಟಲಿ ಕೂಲ್ ಡ್ರಿಂಕ್ಸು, ಚೌಕಳಿ ಅಂಗಿ. ಬಾಗಿಲು ತೆಗೆದ ಕೂಡಲೇ ಇವಳು ಒಳಗೆ ನುಗ್ಗಿ, “ಅಕ್ಕ, ಕಬಾಬು ತಿರುಗಿ ಬಿದ್ದದೆ ನೋಡು. ಮುಟ್ಟವ್ನೆ ಕಣಕ್ಕ,” ಅಂದಳು. ನನ್ನ ಕಣ್ಣಿಗೆ ಇಟ್ಟಂಗೇ ಇತ್ತು. ಹೂಂ ಅಂದೆ. ಅವತ್ತು ಅವಳು ಹೊಟ್ಟೆ ತುಂಬ ಉಂಡಳು. ಆಮೇಲಿಂದ ಉಣ್ಣುತ್ತಲೇ ಇದ್ದಳು. ಆ ಕೋಣೆಯೊಳಗೆ ಯಾರೂ ಬರಲಿಲ್ಲ ಅಂತ ಒಂದು ಫೋನು ತೋರಿಸಿಬಿಟ್ಟರೆ ಅವಳ ಅನ್ನಕ್ಕೆ ಕಲ್ಲು ಹಾಕಿದ ಹಾಗೆ.

ಇಷ್ಟು ಗೊತ್ತಿದ್ದೂ ನಾನು ಮೂರನೇ ದಿನ ಒಪ್ಪಿದೆ. ಮೊಮ್ಮಗಳು ಅತ್ತಳು ಅಂತ ಎಲ್ಲರಿಗೂ ಹೇಳಿದ್ದೇನೆ. ಅತ್ತಿದ್ದು ನಿಜ. ಆದರೆ ಪೂರ್ತಿ ನಿಜ ಅದಲ್ಲ. ಐವತ್ತು ವರ್ಷ ಆ ಬಾಗಿಲ ಹೊರಗೆ ಎಲೆ ಅಡಿಕೆ ಜಗಿದಿದ್ದೇನೆ. ಒಳಗೆ ಏನಾಗುತ್ತದೆ ಅಂತ ನೋಡುವ ಚಪಲ ನನಗೂ ಇತ್ತು.

“ಚಿಕ್ಕಜ್ಜಿಗೆ ಗೊತ್ತಾಗ್ಬಾರ್ದು. ಗೊತ್ತಾದ್ರೆ ನಿನ್ ಚರ್ಮ ಸುಲಿತೀನಿ,” ಎಂದೆ.

ಹಬ್ಬದ ದಿನ ಬೆಳಗ್ಗೆ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಸೊಸೆ ಅದಕ್ಕೆ ನೀರು ಸುರಿದಳು. ಓರಗಿತ್ತಿ ತಾನೇ ಕಬಾಬು ಕರಿದು ತಂದಳು, ಅಂಗಿಯನ್ನು ತಾನೇ ಮಡಿಸಿ ಕಳಶದ ಪಕ್ಕ ಇಟ್ಟಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಧೂಪ ಹಾಕಿ ಎಲ್ಲರೂ ಹೊರಗೆ ಬಂದೆವು. ಕೊನೆಗೆ ಬಂದವಳು ಮೊಮ್ಮಗಳು. ಬರುವಾಗ ಕಳಶದ ಹಿಂದಿನ ಗೂಡಿನಲ್ಲಿ, ಅಕ್ಕಿ ಡಬ್ಬಕ್ಕೆ ಒರಗಿಸಿ ಫೋನು ಇಟ್ಟು ಬಂದಿದ್ದಳು. ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ನಾನು ಬೇರೆ ಕಡೆ ನೋಡಿದೆ.

ನನ್ನ ಮಗ ಬಾಗಿಲು ಎಳೆದ. ಗಂಡಸರು ಜಗುಲಿಗೆ ಹೋಗಿ ಕೂತರು. ಓರಗಿತ್ತಿ ಮಾತ್ರ ಬಾಗಿಲಿಗೆ ಮುಖ ಮಾಡಿ ನಿಂತಳು, ಹೋದ ವರ್ಷದ ಹಾಗೇ. ನಾನು ಎಲೆಗೆ ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಂಡೆ. ಜಗಿಯಲಾಗಲಿಲ್ಲ. ಆ ಕಡೆ ನಾಲ್ಕು ಹೆಜ್ಜೆ, ಈ ಕಡೆ ನಾಲ್ಕು ಹೆಜ್ಜೆ ಓಡಾಡಿದೆ.

“ಕೂತ್ಕೊ ಬಾರಕ್ಕ. ಏನ್ ಇರುವೆ ಬುಟ್ಕೊಂಡಂಗೆ ಆಡ್ತಿಯಾ,” ಅಂದಳು ಅವಳು, ತಿರುಗಿ ನೋಡದೆ.

“ಕಾಲು ಜೋಮು ಹಿಡ್ದದೆ.”

ಸುಳ್ಳು ಹೇಳಿ ಇನ್ನೊಂದು ಸುತ್ತು ಹೊಡೆದೆ. ಆಗ ಒಳಗೆ ಫೋನು ರಿಂಗಾಯಿತು.

ಮುಚ್ಚಿದ ಬಾಗಿಲ ಹಿಂದಿಂದ, ಟಣಟಣ ಅಂತ ಏನೋ ಕುಣಿಯುವ ಹಾಡು. ಜಗುಲಿಯ ಮಾತು ನಿಂತಿತು. ಮೊಮ್ಮಗಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಓರಗಿತ್ತಿ ನನ್ನ ತೋಳು ಹಿಡಿದಳು. ಉಗುರು ಚರ್ಮಕ್ಕೆ ಇಳಿಯಿತು.

“ಅಕ್ಕ. ಒಳಗೆ ಫೋನು.”

ಅವಳ ಮುಖ ನೋಡಿದೆ. ಆ ಮುಖವನ್ನು ಎರಡು ವರ್ಷದಿಂದ ನೋಡಿರಲಿಲ್ಲ. ಅವಳ ಮಗ ದಿನಾ ಸಂಜೆ ಡ್ಯೂಟಿ ಬಿಟ್ಟ ಕೂಡಲೇ ಅವಳಿಗೆ ಫೋನು ಮಾಡುತ್ತಿದ್ದ, ಏನ್ ಸಾರವ್ವ ಇವತ್ತು ಅಂತ ಕೇಳಲು. ಅವಳು ಏನು ಅಂದುಕೊಂಡಳು ಅಂತ ನನಗೆ ಗೊತ್ತಾಯಿತು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಬಾಗಿಲು ದೂಡಿಕೊಂಡು ಹೋಗುತ್ತಿದ್ದಳು.

“ಅವ್ನಲ್ಲ ಕಣೇ,” ಎಂದೆ. “ಕೂಸಿನ್ ಫೋನು. ಫೋಟೋಗೆ ಅಂತ ಮಡಗವ್ಳೆ. ನಾನೇ ಊಂ ಅಂದಿದ್ದು.”

ತೋಳು ಬಿಟ್ಟಳು. ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ನಾನೂ ಬೈಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಅವಳು ಚಪ್ಪಲಿಯನ್ನೂ ಹಾಕಿಕೊಳ್ಳದೆ ತನ್ನ ಮನೆಗೆ ಹೋಗಿ ಚಿಲಕ ಹಾಕಿಕೊಂಡಳು. ಮೈದುನ ಹಿಂದೆಯೇ ಹೋದ. ಫೋನು ಮಾಡಿದ್ದು ಮೊಮ್ಮಗಳ ಕ್ಲಾಸಿನ ಹುಡುಗಿ, ನಿಂದು ಆಯ್ತಾ ಅಂತ ಕೇಳಲು.

ಅವತ್ತು ನಮ್ಮ ಮನೆಯಲ್ಲಿ ಎಡೆಯ ಊಟ ಯಾರಿಗೂ ಇಳಿಯಲಿಲ್ಲ. ಮಗ ಬೈದ, ಮೊದಲು ನನಗೆ, ಆಮೇಲೆ ಮಗಳಿಗೆ. “ವಯಸ್ಸಾದ್ರೂ ಬುದ್ಧಿ ಬ್ಯಾಡ್ವಾ ನಿಂಗೆ?” ಅಂದ. ತಪ್ಪು ನನ್ನದೇ ಇತ್ತು, ಅದಕ್ಕೇ ಜೋರಾಗಿ ಅವನಿಗೇ ಎದುರು ಮಾತಾಡಿದೆ.

ಫೋಟೋಗಳನ್ನು ಮೊಮ್ಮಗಳು ನಾನು ಇಬ್ಬರೇ ನೋಡಿದೆವು. ನಲವತ್ತೋ ಏನೋ ಇದ್ದವು. ಫೋನು ಬಂದ ಮೇಲೆ ನಿಂತುಹೋಗಿದ್ದವು. ಎಲ್ಲವೂ ಒಂದೇ. ಹತ್ತಿರದಲ್ಲಿ ಕಳಶದ ಅಂಚು, ಮಡಿಸಿಟ್ಟ ಚೌಕಳಿ ಅಂಗಿ, ಎಲೆ, ದೀಪ. ದೂರದಲ್ಲಿ ಮುಚ್ಚಿದ ಬಾಗಿಲು. ಎಲೆಯ ಮೇಲೆ ಒಂದು ಅಗುಳೂ ಅಲುಗಿರಲಿಲ್ಲ. ಒಂದೊಂದನ್ನೂ ನೋಡಿದೆ, ನಮ್ಮ ಯಜಮಾನರ ಬೀಡಿ ಕಟ್ಟನ್ನೂ ನೋಡಿದೆ. ಕಟ್ಟಿದ ದಾರ ಕಟ್ಟಿದ ಹಾಗೇ. ಏನೂ ಇರುವುದಿಲ್ಲ ಅಂತ ಮೊದಲೇ ಗೊತ್ತಿತ್ತಲ್ಲ, ಆದರೂ ಎದ್ದು ಹೋಗಿ ಒಂದು ಚೆಂಬು ನೀರು ಕುಡಿದೆ.

“ಅಜ್ಜಿ, ಇದ್ ನೋಡು,” ಅಂತ ಅವಳು ಬಾಗಿಲ ಬುಡವನ್ನು ದೊಡ್ಡದು ಮಾಡಿದಳು.

ಬಾಗಿಲ ಕೆಳಗೆ ಮೂರು ಬೆರಳು ಸಂದು. ಹೊರಗಿನ ಟ್ಯೂಬ್‌ಲೈಟಿನ ಬೆಳಕು ಆ ಸಂದಿನಲ್ಲಿ ಬಿಳಿ ಪಟ್ಟಿಯ ಹಾಗೆ ಬಿದ್ದಿತ್ತು. ಪಟ್ಟಿಯ ನಡುವೆ ಎರಡು ಕಾಲಿನ ಕಪ್ಪು ನೆರಳು, ಒಳಗಿನವರು ಹೊರಗೆ ಬರಲಿ ಅಂತ ಕಾಯುತ್ತಿರುವ ಹಾಗೆ. ಎಲ್ಲ ಫೋಟೋದಲ್ಲೂ ಅವು ಅಲ್ಲೇ. ಪಕ್ಕದಲ್ಲಿ ಇನ್ನೆರಡು ಕಾಲು, ಅವು ಒಂದರಲ್ಲಿ ಎಡಕ್ಕೆ, ಒಂದರಲ್ಲಿ ಬಲಕ್ಕೆ, ಒಂದರಲ್ಲಿ ಮಸುಕು ಮಸುಕು.

ಸತ್ತವರು ಒಳಗೆ ಕೂತು ನೋಡಿದರೆ ಅವರಿಗೆ ಕಾಣುವುದು ಇದು. ಅವರಿಗೆ ದೆವ್ವ ನಾವೇ.

“ಇದೇ ಕವರು,” ಅಂದಳು ಅವಳು. ಆಮೇಲೆ ತಾನೇ, “ಚಿಕ್ಕಜ್ಜಿ ಬ್ಯಾಡ ಅಂದ್ರೆ ಆಕಲ್ಲ,” ಅಂದಳು. ಅಷ್ಟು ಬುದ್ಧಿ ಅವಳಿಗಿತ್ತು.

ಓರಗಿತ್ತಿ ಮೂರು ದಿನ ನಮ್ಮ ಹೊಸ್ತಿಲು ದಾಟಲಿಲ್ಲ. ಊಟ ಬಿಟ್ಟಿದ್ದಾಳೆ ಅಂತ ಮೈದುನ ಹೇಳಿದ. ಗೋಡೆಗೆ ಕಿವಿ ಕೊಟ್ಟು ಕೂತಿರುತ್ತಿದ್ದೆ, ತಟ್ಟೆ ಸದ್ದು ಕೇಳುತ್ತದಾ ಅಂತ. ಹೋಗಿ ತಪ್ಪಾಯ್ತು ಅನ್ನಬಹುದಿತ್ತು. ನನಗೆ ಆ ಮಾತು ಬಾಯಿಗೆ ಬರುವುದಿಲ್ಲ, ಗಂಡನಿಗೂ ಅಂದವಳಲ್ಲ. ಒಂದು ಬಟ್ಟಲು ಹುರುಳಿ ಸಾರು ಕಳಿಸಿದೆ. ಬಟ್ಟಲು ಹಾಗೇ ವಾಪಸು ಬಂತು. ಮೊಮ್ಮಗಳು ಫೋಟೋ ಕೊಡಬೇಕಾದ ದಿನ ಹತ್ತಿರ ಬರುತ್ತಿತ್ತು. ಅವಳು ಬಾಯಿಬಿಟ್ಟು ಕೇಳಲಿಲ್ಲ. ಮನೆಯೊಳಗೆ ಬೆಕ್ಕಿನ ಹಾಗೆ ಸುತ್ತುತ್ತಿದ್ದಳು.

ನಾಲ್ಕನೇ ದಿನ ಮಧ್ಯಾಹ್ನ ಓರಗಿತ್ತಿ ತಾನೇ ಬಂದಳು. ಬಾಗಿಲಲ್ಲೇ ನಿಂತು, “ಎಲ್ಲವ್ವ ಆ ಫೋನು? ತೋರ್ಸು,” ಅಂದಳು.

ಮೊಮ್ಮಗಳು ನನ್ನ ಕಡೆ ನೋಡಿದಳು. ಅಳಿಸಿಬಿಟ್ಟೆ ಅನ್ನು ಅಂತ ಕಣ್ಣಲ್ಲೇ ಹೇಳಬಹುದಿತ್ತು. ಓರಗಿತ್ತಿಗೆ ಒಂದು ಸಲ ಮೋಸ ಮಾಡಿದ್ದು ಸಾಕಾಗಿತ್ತು.

“ತೋರ್ಸು,” ಎಂದೆ.

ಓರಗಿತ್ತಿ ಚಾಪೆ ಮೇಲೆ ಕೂತು ಒಂದೊಂದೇ ನೋಡಿದಳು. ಬೆರಳು ಸರಿಸುವುದು ಗೊತ್ತಿತ್ತು, ಮಗ ಕಲಿಸಿದ್ದ. ಕೊನೆಯದನ್ನು ನೋಡಿ ಮತ್ತೆ ಮೊದಲಿಂದ ಬಂದಳು. ನಾನು ಒಲೆ ಹತ್ತಿರ ಹೋದೆ, ಬಂದೆ, ಸೆರಗಲ್ಲಿ ಕೈ ಒರೆಸಿದೆ, ಒದ್ದೆಯಾಗಿರಲೇ ಇಲ್ಲ.

“ಅಕ್ಕ,” ಅಂದಳು. “ಯಾರೂ ಬಂದಂಗಿಲ್ಲ, ಅಲ್ವಾ?”

ಹೋದ ವರ್ಷ ಹೂಂ ಅಂದವಳಿಗೆ ಈಗ ಹೂಂ ಅನ್ನಲಾಗಲಿಲ್ಲ. ಫೋಟೋ ಅವಳ ಕೈಯಲ್ಲೇ ಇತ್ತು.

“ಇಲ್ಲ ಕಣೇ. ಯಾರೂ ಬಂದಿಲ್ಲ.”

ಫೋನನ್ನು ಮಡಿಲಲ್ಲಿ ಬೋರಲು ಹಾಕಿದಳು. ಎದ್ದು ಹೋಗುತ್ತಾಳೆ, ಇನ್ನು ಇವಳನ್ನು ಉಣ್ಣಿಸುವವರು ಯಾರೂ ಇಲ್ಲ ಅಂದುಕೊಂಡೆ.

“ಎಂಗ್ ಬಂದಾನು?” ಅಂದಳು. ಸಿಟ್ಟಿನಲ್ಲೇ ಅಂದಳು. “ಇಷ್ಟ್ ಹತ್ರ ಫೋನ್ ಮಡಗಿದ್ರೆ ಯಾವನ್ ಬತ್ತಾನೆ ಉಣ್ಣಾಕೆ? ಉಣ್ಣೋವಾಗ ಯಾರಾದ್ರೂ ನೋಡುದ್ರೇ ಅವ್ನಿಗಾಗ್ತಿರ್ಲಿಲ್ಲ. ಗೋಡೆ ಕಡೀಕೆ ತಿರಿಕ್ಕಂಡು ಉಣ್ಣೋನು. ಮರ್ತ್ ಓಯ್ತಾ ನಿಂಗೆ?”

ಮರೆತಿರಲಿಲ್ಲ. ಹುಡುಗ ಹಾಗೇ ಉಣ್ಣುತ್ತಿದ್ದ.

“ನಿಮ್ ದೆಸೆಯಿಂದ ಈ ವರ್ಸ ಅಸ್ಕೊಂಡವ್ನೆ. ಅವ್ನೊಬ್ನೇ ಅಲ್ಲ, ಭಾವನೂ ಅಸ್ಕೊಂಡವ್ರೆ. ಅಮಾಸೆಗೆ ತಿರ್ಗ ಎಡೆ ಇಕ್ಬೇಕು. ಮನೇಲಿರೋ ಫೋನ್ನೆಲ್ಲ ಕೊಟ್ಟಿಗೇಲಿ ಮಡಗ್ಬೇಕು.”

“ಇಕ್ಕಾನ,” ಎಂದೆ.

“ಕೋಳಿ ನಿಂದು.”

“ಆಯ್ತು, ನಂದೇ.”

ಮೊಮ್ಮಗಳು ಇನ್ನೂ ನಿಂತೇ ಇದ್ದಳು. ಓರಗಿತ್ತಿ ಫೋನನ್ನು ಅವಳ ಕಡೆ ಚಾಚಿ, “ಇದ್ಯಾಕವ್ವ ಬೇಕಿತ್ತು ನಿಂಗೆ?” ಅಂತ ಕೇಳಿದಳು. ಹುಡುಗಿ ಎಲ್ಲ ಹೇಳಿದಳು. ಇಲ್ಲದ ಪತ್ರಿಕೆ, ಮೇಡಮ್ಮು ನಕ್ಕಿದ್ದು, ಇನ್ನೊಂದೇ ಅವಕಾಶ. ಬಾಗಿಲ ಬುಡದ ನೆರಳು ತೋರಿಸಿದಳು.

“ಇದು ನಾನು,” ಅಂದಳು ಓರಗಿತ್ತಿ, ಅಲುಗದ ಕಾಲುಗಳನ್ನು ಮುಟ್ಟಿ. “ಇದು ನೀನು. ಒಂದ್ ಕಡೇಲಾದ್ರೂ ನಿಂತಿದಿಯಾ ನೋಡು, ಕದ್ದು ತಿಂದ್ ನಾಯಿ ಅಂಗೆ.” ನನಗೆ ಹೇಳಿದ್ದು. ನಾಲ್ಕು ದಿನಕ್ಕೆ ಅವಳು ನನಗೆ ಕೊಟ್ಟ ಮೊದಲ ಬೈಗುಳ. ಸಮಾಧಾನವಾಯಿತು ಅಂತ ಹೇಳಲಾರೆ, ಆದರೆ ಕೂರಲು ಆಯಿತು, ಕೂತೆ.

“ಆಕ್ಕೋ ಓಗು,” ಅಂದಳು ಮೊಮ್ಮಗಳಿಗೆ. “ಅವ್ನು ಇದ್ರಲ್ಲಿ ಇಲ್ಲ ತಾನೆ. ನಮ್ ಕಾಲ್ ತಾನೆ. ಅಂಗಿ ಮ್ಯಾಲೆ ಮಾತ್ರ ಏನೂ ಬರೀಬ್ಯಾಡ.”

ಆ ಮಾತಿನ ಕಷ್ಟ ನನಗೆ ಆಮೇಲೆ ಗೊತ್ತಾಯಿತು. ಪತ್ರಿಕೆ ಅಂದ ಮೇಲೆ ಹೆಸರು ಮೇಲೆ ದೊಡ್ಡದಾಗಿ ಇರಬೇಕಂತೆ, ಒಳಗಿರುವ ಲೇಖನಗಳ ಹೆಸರು ಕೆಳಗಡೆ ಸಾಲಾಗಿ. ಕೆಳಗಡೆ ಇದ್ದದ್ದು ಅಂಗಿ. ಹುಡುಗಿ ಎರಡು ದಿನ ಅಕ್ಷರಗಳನ್ನು ಆ ಕಡೆ ಈ ಕಡೆ ತಳ್ಳಿದಳು. ಕೊನೆಗೆ ಲೇಖನಗಳ ಹೆಸರನ್ನೆಲ್ಲ ಚಿಕ್ಕದು ಮಾಡಿ ಬಾಗಿಲ ಹಲಗೆಯ ಮೇಲೆ, ಬಳಪದಲ್ಲಿ ಗೀಚಿದ ಹಾಗೆ ಬರೆದಳು. ‘ದಿಗಿಲು’ ಮೇಲೆ, ಕತ್ತಲಲ್ಲಿ. ಅಂಗಿಯ ಮೇಲೆ ಒಂದು ಚುಕ್ಕಿಯೂ ಇಲ್ಲ. ಮದ್ದೂರಿನ ಅಂಗಡಿಯೊಂದರಲ್ಲಿ ದಪ್ಪ ಕಾಗದಕ್ಕೆ ಪ್ರಿಂಟು ಹಾಕಿಸಿ ತಂದು ಮೊದಲು ಚಿಕ್ಕಜ್ಜಿಗೆ ತೋರಿಸಿದಳು. ಅವಳು ಕಣ್ಣಿನ ಹತ್ತಿರ ಹಿಡಿದು ಅಂಗಿಯನ್ನಷ್ಟೇ ನೋಡಿ ವಾಪಸು ಕೊಟ್ಟಳು.

ಮಂಡ್ಯದಿಂದ ಬಂದು ಹುಡುಗಿ ಹೇಳಿದ್ದು ಇಷ್ಟು. ಮೇಡಮ್ಮು ಈ ಸಲ ನಗಲಿಲ್ಲ. ಬಾಗಿಲಾಚೆ ಇರುವವರು ಯಾರು ಅಂತ ಕೇಳಿದರು. ಅಕ್ಷರ ಬಾಗಿಲ ಮೇಲೆ ಸರಿಯಾಗಿ ಓದಲಾಗುವುದಿಲ್ಲ, ಕೆಳಗಡೆ ಅಷ್ಟು ಜಾಗ ಖಾಲಿ ಬಿಟ್ಟಿದ್ದು ತಪ್ಪು ಅಂತ ಮಾರ್ಕು ಕಳೆದರು. ಪಾಸಾಯಿತು.

“ಅಂಗಿ ವಿಸ್ಯ ಏಳ್ಬೋದಿತ್ತಲ್ಲೇ,” ಎಂದೆ.

“ಯಾಕ್ ಏಳ್ಬೇಕಜ್ಜಿ?” ಅಂತ ಬ್ಯಾಗು ಬಿಸಾಕಿ ಒಳಗೆ ಹೋದಳು.

ಅಮಾವಾಸ್ಯೆಗೆ ಮತ್ತೆ ಎಡೆ ಇಟ್ಟೆವು. ಕೋಳಿ ನನ್ನದೇ. ಫೋನುಗಳನ್ನೆಲ್ಲ ಒಂದು ಕುಕ್ಕೆಗೆ ಹಾಕಿ ಕೊಟ್ಟಿಗೆಯಲ್ಲಿಟ್ಟಳು ಓರಗಿತ್ತಿ, ಎಣಿಸಿ. ಬಾಗಿಲು ಮುಚ್ಚಿದ ಮೇಲೆ ನಾನು ಗೋಡೆಗೆ ಒರಗಿ ಒಂದೇ ಕಡೆ ನಿಲ್ಲಲು ನೋಡಿದೆ. ಆಗಲಿಲ್ಲ. ಬೀಡಿ ಕಟ್ಟಿನ ದಾರವನ್ನು ನಾನು ಈ ಸಲ ಸಡಿಲ ಮಾಡಿ ಇಟ್ಟಿದ್ದೆ, ಯಾಕೆ ಅಂತ ಕೇಳಿದರೆ ಹೇಳಲು ಬರುವುದಿಲ್ಲ, ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಓರಗಿತ್ತಿ ಬಾಗಿಲಿಗೆ ಮುಖ ಮಾಡಿ ನಿಂತಿದ್ದಳು. ಹೊತ್ತಾದ ಮೇಲೆ ಅವಳೇ ಬಾಗಿಲು ತಟ್ಟಿದಳು, ಅವಳೇ ತೆಗೆದಳು, ಅವಳೇ ಮೊದಲು ಹೋಗಿ ಎಲೆ ಮುಂದೆ ಕುಕ್ಕರುಗಾಲಲ್ಲಿ ಕೂತಳು.

“ತಿಂದವ್ನೆ ಕಣಕ್ಕ,” ಅಂದಳು.

ಮೊಮ್ಮಗಳು ಎಲೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಎಲೆ ನೋಡಲಿಲ್ಲ.

“ಸರಿ, ಎಲ್ರಿಗೂ ಇಕ್ಕು,” ಎಂದೆ ಓರಗಿತ್ತಿಗೆ. “ಮೊದ್ಲು ನೀನ್ ಆಕ್ಕೋ.”